ಬಣ್ಣ ಹಚ್ಚದೆ ಚರ್ಚಿಗೆ ಹೋದ ಗಾಡಿ

ತುಕ್ಕಿಗೂ ಒಂದು ವಾಸನೆ ಇದೆ ಎಂದರೆ ನನ್ನ ಹೆಂಡತಿ ನಗುತ್ತಾಳೆ. "ನಿಮಗ ಅನ್ನ ಸೀದದ್ದು ವಾಸನಿ ಬರಂಗಿಲ್ಲ, ಜಂಗಿನ ವಾಸನಿ ಮಾತ್ರ ಬರತೈತಿ ನೋಡ್ರಿ" ಎನ್ನುತ್ತಾಳೆ. ಅನ್ನಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಗಾಡಿಗಳ ಮೈ ರಿಪೇರಿ, ಅಂದರೆ ಟಿಂಕರಿಂಗ್ ಕೆಲಸ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ಒಣ ತುಕ್ಕಿಗೆ ವಾಸನೆ ಇಲ್ಲ, ಒಪ್ಪುತ್ತೇನೆ. ಆದರೆ ಪತ್ರಾದ, ಅಂದರೆ ಕಬ್ಬಿಣದ ತಗಡಿನ, ಒಳಗೆ ವರ್ಷಗಟ್ಟಲೆ ನಿಂತ ನೀರು, ಮಣ್ಣು, ಕೊಳೆತ ಎಲೆ ಎಲ್ಲ ಕೂಡಿದ ಹಸಿ ತುಕ್ಕಿಗೆ ಇದೆ. ಮುಚ್ಚಿಟ್ಟ ಹಳೇ ಬಾವಿಯ ಬಾಯಿ ತೆಗೆದಂತೆ ಬರುತ್ತದೆ ಅದು. ಈ ಸಲ ಜೂನಿನಲ್ಲಿ ಮಿರಗದ ಮಳೆ ಹಿಡಿದ ದಿನ ಒಂದು ಹಳೆಯ ಜೀಪಿನ ಬಾಗಿಲು ಕೊಯ್ದೆ. ಅದೇ ವಾಸನೆ ಬಂತು. ಕಟರ್ ಬಂದ್ ಮಾಡಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಡೇನಿಯಲ್ ಮಾಸ್ತರ್ ನೆನಪಾದರು. ಮಾಸ್ತರ್ ಈಗಿಲ್ಲ. ಅವರ ಗಾಡಿ ನನ್ನ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದಿದ್ದ ಆ ಒಂದು ಮಳೆಗಾಲ ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಸುರಿಯುತ್ತಲೇ ಇದೆ.

ಮಾಸ್ತರ್ ಕೇಶ್ವಾಪುರದವರು. ಮಿಶನ್ ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ರಿಟಾಯರ್ ಆದವರು. ಎಂಥ ಮಳೆಯಲ್ಲೂ ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಂಕುಳಲ್ಲಿ ಕರಿ ಛತ್ರಿ. ಅವರ ಹತ್ತಿರ ಒಂದು ವಿಲಾಯತಿ ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ತಲೆಯ ಮೇಲೆ ಮಡಚಿಡುವ ಕ್ಯಾನ್ವಾಸು. ಯಾವುದೋ ಕಾಲದಲ್ಲಿ ಒಬ್ಬ ಪರದೇಶದ ಡಾಕ್ಟರು ಊರು ಬಿಟ್ಟು ಹೋಗುವಾಗ ಇವರ ಕೈಯಲ್ಲಿ ಚಾವಿ ಇಟ್ಟು ಹೋಗಿದ್ದರಂತೆ. ಮಾಸ್ತರ್ ತಮ್ಮ ಹೆಂಡತಿಯನ್ನು ಚರ್ಚಿನಿಂದ ಮನೆಗೆ ಕರೆತಂದದ್ದು ಅದರಲ್ಲೇ. ಮಗಳು ಗ್ರೇಸ್ ಹುಟ್ಟಿದಾಗ ಆಸ್ಪತ್ರೆಯಿಂದ ತಂದದ್ದೂ ಅದರಲ್ಲೇ.

ಕ್ರಿಸ್‌ಮಸ್ ಬಂತೆಂದರೆ ಆ ಓಣಿಯಲ್ಲಿ ಮನೆಗಳಿಗೆಲ್ಲ ಸುಣ್ಣಬಣ್ಣ ಆಗುತ್ತದೆ. ಮಾಸ್ತರ್ ಮನೆಯಲ್ಲಿ ಗಾಡಿಗೂ ಆಗುತ್ತಿತ್ತು. ಗ್ಯಾರೇಜಿಗೆ ಕೊಡುವ ಮಾತೇ ಇಲ್ಲ. ತಾವೇ ತಿಕ್ಕಿ, ತಾವೇ ಪುಟ್ಟಿ ತುಂಬಿ, ತಾವೇ ಬ್ರಶ್ಶಿನಲ್ಲಿ ಬಣ್ಣ ಹಚ್ಚುತ್ತಿದ್ದರು. ಬ್ರಶ್ಶಿನ ಒಂದು ಗೆರೆ ಕಾಣಿಸಿದರೆ ಕೇಳಿ! ನಮ್ಮಂಥವರು ಕಂಪ್ರೆಸರ್ ಇಟ್ಟುಕೊಂಡು ಹೊಡೆದರೂ ಅಷ್ಟು ನುಣುಪು ಬರುತ್ತಿರಲಿಲ್ಲ. ಇನ್ನು ಶನಿವಾರ ಬಂದರೆ ಗಾಡಿಗೆ ಸ್ನಾನ. ರವಿವಾರ ಚರ್ಚಿಗೆ ಹೋಗಬೇಕಲ್ಲ, ಬಕೀಟುಗಟ್ಟಲೆ ನೀರು ಸುರಿದು, ಒರೆಸಿ, ಶೆಡ್ಡಿನಲ್ಲಿ ನಿಲ್ಲಿಸಿ ಬಾಗಿಲು ಹಾಕುತ್ತಿದ್ದರು.

ಆ ವರ್ಷ ಮಳೆ ಆಗತಾನೇ ಶುರುವಾಗಿತ್ತು. ಮಾಸ್ತರ್ ಗಾಡಿಯನ್ನು ತಾವೇ ನಡೆಸಿಕೊಂಡು ನನ್ನ ಗ್ಯಾರೇಜಿಗೆ ಬಂದರು.

"ಬಸವರಾಜ, ಅಲ್ಲೊಂದು ಇಲ್ಲೊಂದು ಗುಳ್ಳಿ ಎದ್ದಾವಪಾ. ಈ ಸಲ ನನ್ನ ಕೈಲೆ ಆಗವಲ್ದು, ರಟ್ಟಿ ನೋಯತಾವು. ನೀ ಜರಾ ತಿಕ್ಕಿ ಕೊಡು. ಬಣ್ಣ ನಾನ ಹಚಗೋತೇನಿ."

"ಏನ್ ವಿಶೇಷರಿ ಮಾಸ್ತರ್ರ? ಹಬ್ಬ ಇನ್ನೂ ದೂರ ಐತಲ್ಲ."

"ಗ್ರೇಸಿ ಮದುವಿ ಐತಿ."

ಅದನ್ನು ಅವರು ಹೇಳಿದ ರೀತಿ ನನಗೆ ವಿಚಿತ್ರವೆನಿಸಿತು. ಯಾರದೋ ಮನೆಯ ಸುದ್ದಿ ಹೇಳಿದಂತೆ ಹೇಳಿ ಮುಖ ಆಚೆ ತಿರುಗಿಸಿದರು. ಗ್ರೇಸ್ ಅಕ್ಕಾರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ವಯಸ್ಸು ನಲವತ್ತರ ಹತ್ತಿರ. ಹುಡುಗ ಪ್ರಭಾಕರ ಅವರದೇ ಚರ್ಚಿನವನು, ಕೆಲಗೇರಿ ಕೆರೆಯ ಹತ್ತಿರ ಸಸಿಗಳ ನರ್ಸರಿ ಇಟ್ಟವನು. ಅವರಲ್ಲಿ ಮದುವೆಗೆ ಮೊದಲು ಮೂರು ರವಿವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದುತ್ತಾರೆ, ಯಾರದಾದರೂ ತಕರಾರು ಇದ್ದರೆ ಹೇಳಲಿ ಎಂದು. ಹೆಸರು ಕೊಡಬೇಕಾದವರು ಮಾಸ್ತರ್. ಅವರು ಮಾತ್ರ ಒಂದೇ ಹಟ ಹಿಡಿದಿದ್ದರು: ತನ್ನ ಮಗಳು ಬಾಡಿಗೆ ಗಾಡಿಯಲ್ಲಿ ಚರ್ಚಿಗೆ ಹೋಗುವುದಿಲ್ಲ. ಅವಳ ಅವ್ವ ಕೂತ ಗಾಡಿಯಲ್ಲೇ, ತಾನೇ ಕರೆದುಕೊಂಡು ಹೋಗುವವನು. ಗಾಡಿ ತಯಾರಾದ ಮೇಲೆಯೇ ಹೆಸರು ಓದಿಸುವುದು.

ಅಂದರೆ ಆ ಮದುವೆ ಬಂದು ನಿಂತದ್ದು ನನ್ನ ಅಂಗಳದಲ್ಲಿ.

ಅಯಸ್ಕಾಂತವನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ ಗಾಡಿಯ ಮೈಮೇಲೆ ಆಡಿಸುತ್ತಾ ಹೋದೆ. ಕಬ್ಬಿಣ ಇದ್ದಲ್ಲಿ ಅದು ಹಿಡಿಯುತ್ತದೆ, ಬರೀ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಬಾನೆಟ್ಟಿನ ಮೇಲೆ ಗಟ್ಟಿ ಕೂತಿತು. ಹಿಂದಿನ ಚಕ್ರದ ಕಮಾನಿನಲ್ಲಿ ಅರೆಮನಸ್ಸಿನಿಂದ ಹಿಡಿಯಿತು. ಬಾಗಿಲ ಕೆಳಗೆ ಬಂದಾಗ ಕೈ ಬಿಟ್ಟು ನೆಲಕ್ಕೆ ಬಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಟಣ್ ಎನ್ನಬೇಕಾದದ್ದು ದಬ್ ಎಂದಿತು. ಕಾಲಡಿಯ ರಗ್ಗು ಎತ್ತಿ ಹೆಬ್ಬೆರಳು ಒತ್ತಿದರೆ ಬೆರಳು ಪತ್ರಾ ತೂರಿ ಕೆಳಗಿಳಿದು ಅದಕ್ಕೆ ನನ್ನ ಗ್ಯಾರೇಜಿನ ಗಾಳಿ ತಾಗಿತು. ಕೊನೆಗೆ ಜ್ಯಾಕ್ ಹಚ್ಚಿ ಒಂದು ಮಗ್ಗುಲು ಎತ್ತಿದೆ. ಅಲ್ಲಿಯವರೆಗೆ ಸರಾಗವಾಗಿ ತೆರೆಯುತ್ತಿದ್ದ ಬಾಗಿಲು ಹಲ್ಲು ಕಚ್ಚಿಕೊಂಡು ಬಿಗಿದು ನಿಂತಿತು.

ಮೇಲೆ ಟಾಪ್ ಇಲ್ಲದ ಗಾಡಿಗೆ ಬಾಗಿಲ ಕೆಳಗಿನ ಉದ್ದನೆಯ ಪೊಳ್ಳು ಪಟ್ಟಿಯೇ ಬೆನ್ನೆಲುಬು. ಅದು ತಿಂದುಹೋದರೆ ಗಾಡಿ ನಡುವೆ ಬಾಗುತ್ತದೆ. ಒಂದು ದಿನ ಓಡುವಾಗ ಮಡಚಿಯೂ ಹೋಗಬಹುದು. ನನ್ನ ನಾಲಿಗೆ ಮೊದಲೇ ಸುಮ್ಮನಿರುವುದಲ್ಲ.

"ಮ್ಯಾಲ ತಳುಕು, ಒಳಗ ಹುಳುಕು ಆಗೈತ್ರಿ ಮಾಸ್ತರ್ರ."

"ನನ್ನ ಗಾಡಿಗೆ ಹುಳುಕು ಅಂತೀ?" ಛತ್ರಿಯಿಂದ ನೆಲ ಕುಟ್ಟಿದರು. "ಒಂದ ದಿನಾ ಬಿಸಲಾಗ ಬಿಟ್ಟಿಲ್ಲ, ಮಳ್ಯಾಗ ಬಿಟ್ಟಿಲ್ಲ. ಮಗಳ ಹಂಗ ಜ್ವಾಪಾನ ಮಾಡೇನಿ!"

"ಅದನ್ನ ನಾನೂ ಕೇಳಾಕತ್ತೇನ್ರಿ. ಕಾರವಾರದ ಗಾಡಿ ಆಗಿದ್ರ ಸಮುದ್ರದ ಗಾಳಿ ಅನ್ನಬಹುದಿತ್ತು. ಹುಬ್ಬಳ್ಳ್ಯಾಗ, ಅದೂ ಶೆಡ್ಡಿನಾಗ ಇದ್ದ ಗಾಡಿ ಇಷ್ಟ ಹ್ಯಾಂಗ ತಿಂತು?"

ಮಾಸ್ತರ್ ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲೆ ಕೈಯಾಡಿಸಿದರು.

"ಆಗತೈತೋ ಇಲ್ಲೋ, ಅಷ್ಟ ಹೇಳು."

"ಆಗತೈತ್ರಿ. ಆದ್ರ ಲಗೂ ಆಗಂಗಿಲ್ಲ."

"ಲಗೂ ಏನ್ ಬ್ಯಾಡ" ಎಂದರು. ಹಾಗೆನ್ನುವಾಗ ಅವರ ಮುಖ ಹಗುರಾದದ್ದನ್ನು ನಾನು ನೋಡಿದೆ. ಅರ್ಥ ಮಾತ್ರ ಆಗ ಆಗಲಿಲ್ಲ.

ನಮ್ಮ ಕಡೆಯ ಮಳೆ ಮಲೆನಾಡಿನ ಹಾಗೆ ಬೋರ್ಗರೆಯುವುದಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಹಿಡಿಯುತ್ತದೆ. ರಸ್ತೆಯ ಎರೆಮಣ್ಣೆಲ್ಲ ಚಪ್ಪಲಿಗೆ ಅಂಟಿ ಗ್ಯಾರೇಜಿನೊಳಗೆ ಬರುತ್ತದೆ. ಆ ಹವೆಯಲ್ಲಿ ಬರಿಗಬ್ಬಿಣದ ಕೆಲಸ ಅಂದರೆ ಪರೀಕ್ಷೆ. ಬೆಳಿಗ್ಗೆ ತಿಕ್ಕಿ ಬೆಳ್ಳಿಯಂತೆ ಮಾಡಿದ ಪತ್ರಾ ಸಂಜೆಗೆ ಕೆಂಪು ಹೂ ಬಿಟ್ಟಿರುತ್ತದೆ. ಹಾಗಾಗಿ ತಿಕ್ಕಿದಷ್ಟಕ್ಕೆ ಅಂದೇ ಕೆಂಪು ಪ್ರೈಮರ್ ಬಳಿಯಬೇಕು. ಮೊದಲು ಎರಡೂ ಬಾಗಿಲು ಬಿಚ್ಚಿ, ಬಾಗಿಲ ಕಂಡಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬೆಸೆದು ಮೈಯನ್ನು ಬಿಗಿದೆ. ಕೊಳೆತ ಭಾಗ ಕೊಯ್ದಾಗ ಗಾಡಿ ಕುಸಿಯಬಾರದಲ್ಲ. ಆಮೇಲೆ ಕಾಲಡಿಯ ಪತ್ರಾದಿಂದ ಶುರುಮಾಡಿದೆ. ಬೆನ್ನೆಲುಬಿನ ಪಟ್ಟಿಗಳನ್ನು ಕೊನೆಗಿಟ್ಟುಕೊಂಡೆ.

ಮಾಸ್ತರ್ ದಿನಾ ಬರುತ್ತಿದ್ದರು. ಕುರ್ಚಿ ಹಾಕಿಸಿಕೊಂಡು ನನ್ನ ಪಕ್ಕವೇ ಕೂರುವುದು. ಕೆಲಸ ಮುಗಿಯಲಿ ಎಂದು ಬರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಒಂದು ಕಡೆ ಮುಗಿಯಿತು ಎನ್ನುವಷ್ಟರಲ್ಲಿ ಅವರ ಬೆರಳು ಇನ್ನೊಂದು ಕಡೆ ತೋರಿಸುತ್ತಿತ್ತು. "ಈ ಕಮಾನು ಜರಾ ಸೊಟ್ಟ ಬಂದೈತಿ ನೋಡು, ಬಿಚ್ಚು." "ಹಿಂದಿನ ಡಿಕ್ಕಿ ಒಳಗೂ ನೋಡಿಬಿಡು, ಬಂದದ್ದು ಬಂದೈತಿ." ಸೊಟ್ಟ ಬಂದಿರಲಿಲ್ಲ. ನನಗೂ ಸಿಟ್ಟು ಇದೆ, ಮನುಷ್ಯನಲ್ಲವೇ? ಒಂದು ದಿನ ಸುತ್ತಿಗೆ ಎಸೆದು, "ಮಾಸ್ತರ್ರ, ಹಿಂಗಾದ್ರ ಮದುವಿ ಗಾಡಿ ಅಲ್ಲ, ಮೊಮ್ಮಕ್ಕಳ ಗಾಡಿ ಆಗತೈತಿ ಇದು" ಎಂದೆ. ಅವರು ನಗಲಿಲ್ಲ. ಛತ್ರಿ ತಗೊಂಡು ಎದ್ದು ಹೋದರು. ಮರುದಿನ ಮತ್ತೆ ಬಂದರು.

ಗಣಪತಿ ಹಬ್ಬ ಮುಗಿದು ಊರು ಸ್ವಲ್ಪ ಸುಮ್ಮನಾದಾಗ, ಒಂದು ಮಧ್ಯಾಹ್ನ ಗ್ರೇಸ್ ಅಕ್ಕಾರು ಸಾಲೆಯಿಂದ ನೆಟ್ಟಗೆ ನನ್ನ ಗ್ಯಾರೇಜಿಗೆ ಬಂದರು. ಮಾಸ್ತರ್ ಅಂದು ಆಗಲೇ ಮನೆಗೆ ಹೋಗಿದ್ದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಿಂತರು.

"ಅಣ್ಣಾರ, ಖರೇ ಹೇಳ್ರಿ. ಇದು ಆಗತೈತೋ ಇಲ್ಲೋ?"

"ನನ್ನ ಕೈಯಾಗ ಇದ್ರ ಎಂದೋ ಆಗತಿತ್ರಿ ಅಕ್ಕಾರ. ಅಪ್ಪಾರು ಬಿಡವಲ್ರು."

"ನನಗ ಗೊತ್ತೈತಿ" ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ. "ಅವ್ವ ಹೋದಮ್ಯಾಲ ಎಷ್ಟೋ ಸಂಬಂಧ ಬಂದ್ವು. ಒಬ್ಬರ ಮನಿ ಸಣ್ಣದಾತು, ಇನ್ನೊಬ್ಬರ ಮೂಗು ದೊಡ್ಡದಾತು. ಪ್ರಭಾಕರಗ ಹೆಸರಿಡಾಕ ಏನೂ ಸಿಗಲಿಲ್ಲ. ಅದಕ್ಕ ಗಾಡಿ ಬಂತು ನಡುವ."

"ನೀವು ಒಂದ ಮಾತು ಜೋರು ಮಾಡಿ ಕೇಳ್ರಲಾ."

"ಏನಂತ ಕೇಳ್ಲಿ? ಬ್ಯಾಡ ಅಂದ್ರ ಜಗಳಾ ಮಾಡಬಹುದು. ಅವರು ಬ್ಯಾಡ ಅಂದಿಲ್ಲ, ಪ್ರೀತಿ ಮಾಡತಾರ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಪ್ರಭಾಕರ ಈ ದೀಪಾವಳಿ ತನಕಾ ಕಾಯತೇನಿ ಅಂದಾನ. ಅವಗೂ ಕಾದು ಕಾದು ಸಾಕಾಗೈತ್ರಿ. ಈ ಸಲ ಇಲ್ಲಾಂದ್ರ ಇನ್ನ ಇಲ್ಲ."

ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಕ್ಲಾಸಿನಲ್ಲಿ ಪಾಠ ಹೇಳಿದಂತೆ ಹೇಳಿ, ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೋದರು. ಎಂಥ ಗಟ್ಟಿ ಹೆಣ್ಣುಮಗಳು ಎಂದುಕೊಂಡೆ. ಮರುದಿನ ಮಾಸ್ತರ್ ಬಂದ ಕೂಡಲೇ, ಅವರು ಬೆರಳು ತೋರಿಸುವ ಮೊದಲೇ, ಎಡಗಡೆಯ ಬೆನ್ನೆಲುಬಿನ ಪಟ್ಟಿಗೆ ಕಟರ್ ಇಟ್ಟೆ.

ಕಿಡಿ ಹಾರಿತು, ಆಮೇಲೆ ಕಿಡಿಯೂ ಹಾರಲಿಲ್ಲ. ಕಟರ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಒಳಗಿಂದ ಕರಿ ಕೆಂಪು ನೀರು ಬುಳುಬುಳು ಹೊರಬಂದು ನನ್ನ ಪ್ಯಾಂಟು ನೆನೆಸಿ, ಮಾಸ್ತರ್ ಕಾಲಿನವರೆಗೆ ಹರಿಯಿತು. ಗಾಡಿ ಎಷ್ಟೋ ವಾರದಿಂದ ತಗಡಿನ ಕೆಳಗೆ ನಿಂತಿದೆ, ಒಂದು ಹನಿ ಮಳೆ ಅದರ ಮೇಲೆ ಬಿದ್ದಿಲ್ಲ. ಇಷ್ಟು ನೀರು ಎಲ್ಲಿಂದ? ಆ ವಾಸನೆ ಗ್ಯಾರೇಜು ತುಂಬ ಹರಡಿತು.

ಕೊಯ್ದ ತುಂಡನ್ನು ಮಾಸ್ತರ್ ಕೈಗೆತ್ತಿಕೊಂಡರು. ಇಸ್ತ್ರಿ ಅಂಗಿಯ ಗೊಡವೆ ಮರೆತಿದ್ದರು. ಅಂಚನ್ನು ಬೆಳಕಿಗೆ ಹಿಡಿದರು. ಬಣ್ಣದ ಮೇಲೆ ಬಣ್ಣ, ಪದರಿನ ಮೇಲೆ ಪದರು, ಒಂದೊಂದೂ ಒಂದು ಕ್ರಿಸ್‌ಮಸ್. ಡ್ರಾಯಿಂಗ್ ಮಾಸ್ತರ್ ಅಲ್ಲವೇ, ಓದುತ್ತಾ ಹೋದರು.

"ಇದು ಕೆನಿ ಬಣ್ಣ, ಆಕಿಗೆ ಸೇರತಿತ್ತು... ಇದು ಹಸರು, ಗ್ರೇಸಿ ಹಟಾ ಮಾಡಿ ಹಚ್ಚಿಸಿದ್ಲು. ಈ ಬಿಳಿದು... ಗ್ರೇಸಿ ಅವ್ವ ಹೋದ ವರ್ಷ."

ಆಮೇಲೆ ತುಂಡನ್ನು ಬುಡಮೇಲು ಮಾಡಿದರು. ತಳದಲ್ಲಿ ಒಂದು ಕಡೆ ಪುಟ್ಟಿಯ ಗುಂಡನೆ ಗುರುತು ಇತ್ತು. ಸ್ವಲ್ಪ ಮುಂದೆ ಇನ್ನೊಂದು. ಜೇಬಿನ ಪೆನ್ನಿನಿಂದ ಕುಕ್ಕಿದರು. ಪುಟ್ಟಿ ಉದುರಿ ದುಂಡನೆಯ ತೂತು ಬಂತು. ನನಗೆ ಆ ಕ್ಷಣಕ್ಕೆ ಎಲ್ಲ ಹೊಳೆಯಿತು. ಹೇಳಬಾರದು ಅನ್ನಿಸಿತು, ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಸವರಾಜ, ಇಲ್ಲೆ ಮೊದಲಿಂದನೂ ತೂತು ಇತ್ತೇನು?"

"ಹೂಂರಿ. ಮಾಡಿದವರ ಇಟ್ಟಿರತಾರ. ಬಾಗಲದ ಸಂದ್ಯಾಗ ಇಳದ ನೀರು ಹೊರಗ ಹೋಗಾಕ."

"ನಾ ಜಂಗ ತಿಂದು ಬಿದ್ದಾವು ಅಂತ ತಿಳಕೊಂಡಿದ್ದೆ" ಎಂದರು. ಧ್ವನಿ ತೀರ ಸಣ್ಣದಾಗಿತ್ತು. "ವರ್ಷಾ ವರ್ಷಾ ನೆಲದ ಮ್ಯಾಲ ಅಂಗಾತ ಮಲಗಿ, ಹುಡುಕಿ ಹುಡುಕಿ ಮುಚ್ಚಿದೆ. ಒಂದೂ ಬಿಟ್ಟಿಲ್ಲ. ಮ್ಯಾಲ ಶನಿವಾರಕ್ಕೊಮ್ಮೆ ನೀರು ಸುರದೆ."

"ನಿಮಗೇನ್ ಗೊತ್ತಿರ್ರಿ ಪಾಪ, ಮಾಸ್ತರ್ರ. ಯಾರಾದ್ರೂ ಹಂಗ ತಿಳಕೋತಿದ್ರು."

ಅವರು ಕುರ್ಚಿಯ ಮೇಲೆ ಕೂತರು, ತುಂಡು ತೊಡೆಯ ಮೇಲೆ, ಬಿಳಿ ಪ್ಯಾಂಟಿನ ಮೇಲೆ ಕೆಂಪು ನೀರು ಇಳಿಯುತ್ತಿತ್ತು. ಹೊರಗೆ ಜಿಟಿಜಿಟಿ ನಡೆದೇ ಇತ್ತು.

"ಆಕಿ ಅವ್ವ ಸತ್ತಾಗ ಗ್ರೇಸಿ ಒಂದಿನಾ ನನ್ನ ಮುಂದ ಅಳಲಿಲ್ಲಪಾ. ನಾ ಅಳೂದ ನೋಡಿ ಆಕಿ ತಡಕೊಂಡ್ಲು. ಆಮ್ಯಾಲ ಯಾವ್ಯಾವ ಸಂಬಂಧ ನಾ ಬ್ಯಾಡ ಅಂದೆ, ಆಗೂ ಅಳಲಿಲ್ಲ. ನನ್ನ ಮಗಳು ಭಾಳ ಗಟ್ಟಿ ಅಂತ ಊರ ಮಂದಿ ಮುಂದ ಹೇಳಕೋತ ಅಡ್ಡಾಡಿದೆ." ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಒಳಗ ನಿಂತದ್ದು ಹೊರಗ ಕಾಣಂಗಿಲ್ಲ ಅಲ್ಲ? ಬಣ್ಣ ಛಲೋ ಇದ್ರ ಕಾಣಂಗ ಇಲ್ಲ."

ಚಹಾ ತರಿಸಿದೆ. ಅದು ಆರಿಹೋಯಿತು.

ಏಳುವಾಗ ಹೇಳಿದರು: "ನಾಳೆ ಪಾದ್ರಿ ಸಾಹೇಬ್ರಿಗೆ ಹೆಸರು ಕೊಡತೇನಿ. ಈ ರವಿವಾರನ ಓದ್ಲಿ. ಗಾಡಿ ಆತು ಅಂದ್ರ ಆತು. ಇಲ್ಲಾಂದ್ರ ಆಟೋದಾಗ ಹೋಗತೇವಿ."

ಅಯ್ಯೋ, ಆಮೇಲೆ ನಾನು ಬಿಡುತ್ತೇನೆಯೇ? ಮೂರು ರವಿವಾರ ಅಲ್ಲಿ ಹೆಸರು ಓದುತ್ತಿದ್ದರೆ ಇಲ್ಲಿ ನನ್ನ ಗ್ಯಾರೇಜಿನಲ್ಲಿ ರವಿವಾರ ಶನಿವಾರ ಎಂಬ ಭೇದ ಇರಲಿಲ್ಲ. ಬೇರೆ ಗಾಡಿಯವರು ಬಂದು ಬಯ್ದು ಹೋದರು. ದಪ್ಪ ಪತ್ರಾ ತಂದು, ಮಡಿಸಿ, ಹೊಸ ಪಟ್ಟಿ ಮಾಡಿ ಎರಡೂ ಕಡೆ ಬೆಸೆದೆ. ಒಳಗೆಲ್ಲ ಗ್ರೀಸು, ಎಣ್ಣೆ ಬಳಿದೆ. ತಳದ ತೂತುಗಳನ್ನು ಮಾತ್ರ ಮಾಸ್ತರ್ ತಾವೇ ಗುರುತು ಹಾಕಿದರು, ಪೆನ್ಸಿಲ್ಲಿನಿಂದ, ಹಳೇ ತುಂಡನ್ನು ಪಕ್ಕದಲ್ಲಿಟ್ಟು ಅಳೆದು. ಅಡ್ಡಪಟ್ಟಿ ಕೊಯ್ದು ತೆಗೆದು ಬಾಗಿಲು ಕೂಡಿಸಿದಾಗ, ಕಿರುಬೆರಳಿಂದ ತಳ್ಳಿದರೂ ಕಟಕ್ ಎಂದು ಬಿತ್ತು. ಜ್ಯಾಕ್ ಹಚ್ಚಿ ಎತ್ತಿದರೂ ಬಿತ್ತು. ಬೆನ್ನು ನೆಟ್ಟಗಾಗಿತ್ತು.

ಬಣ್ಣಕ್ಕೆ ಮಾತ್ರ ಹೊತ್ತಿರಲಿಲ್ಲ. ಗಾಡಿ ಇಡೀ ಕೆಂಪು ಪ್ರೈಮರಿನಲ್ಲಿ, ಕಿಟಕಿ ಸರಳಿಗೆ ಬಳಿದ ಹಾಗೆ ಮಂಕಾಗಿ ನಿಂತಿತ್ತು.

"ಗಡಬಡಿಯೊಳಗ ಒಂದ ಕೈ ಹೊಡಿಲೇನ್ರಿ?" ಎಂದೆ.

"ಬ್ಯಾಡ. ಹಿಂಗ ಹೋಗಲಿ. ಇದ್ದದ್ದು ಇದ್ದಂಗ ಕಾಣಲಿ ಒಮ್ಮೆ" ಎಂದರು. ಬಣ್ಣವಿಲ್ಲದ ಗಾಡಿಯನ್ನು ಶೆಡ್ಡಿನ ಹೊರಗೆ ತೆಗೆಯದ ಮನುಷ್ಯ!

ಮದುವೆಯ ಹಿಂದಿನ ದಿನ ಗಾಡಿ ಕೊಡಲು ಕೇಶ್ವಾಪುರಕ್ಕೆ ಹೋದೆ. ಅಂಗಳದಲ್ಲಿ ಮಾಸ್ತರ್ ಒಂದು ತಂಬಿಗೆ ನೀರು ತಂದು, ಬಾಗಿಲ ಗಾಜಿನ ಸಂದಿಯಲ್ಲಿ ನಿಧಾನ ಸುರಿದು, ಮಂಡಿಯೂರಿ ಕೆಳಗೆ ಬಗ್ಗಿದರು. ಗ್ರೇಸ್ ಅಕ್ಕಾರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ತೊಟ್ಟು ತೊಟ್ಟಾಗಿ, ಆಮೇಲೆ ಸಣ್ಣ ಧಾರೆಯಾಗಿ ನೀರು ನೆಲಕ್ಕಿಳಿಯಿತು. ಮಾಸ್ತರ್ ಅಂಗೈ ಒಡ್ಡಿ ಹಿಡಿದರು. ನೀರು ತಿಳಿಯಾಗಿತ್ತು. ಮಗಳ ಕಡೆ ನೋಡಿದರು, ತಂಬಿಗೆ ತಗೊಂಡು ಒಳಗೆ ಹೋದರು.

ಮರುದಿನ ನಾನೂ ನನ್ನ ಹೆಂಡತಿಯೂ ಚರ್ಚಿಗೆ ಹೋದೆವು. ಮೋಡ ಇತ್ತು, ಮಳೆ ಇರಲಿಲ್ಲ. ಕಂಪೌಂಡಿನೊಳಗೆ ಆ ಕೆಂಪು ಮಂಕು ಗಾಡಿ ನಿಧಾನವಾಗಿ ಬಂತು, ಚಕ್ರ ಹಿಡಿದವರು ಮಾಸ್ತರ್, ಪಕ್ಕದಲ್ಲಿ ಬಿಳಿ ಸೀರೆಯಲ್ಲಿ ಮಗಳು. ಯಾರೋ, "ಏನ್ ಮಾಸ್ತರ್ರ, ಬಣ್ಣಾ ಮರತ್ರೇನು?" ಎಂದು ಚಾಷ್ಟಿ ಮಾಡಿದರು. "ಹಚ್ಚಿ ಹಚ್ಚಿ ಸಾಕಾತು" ಎಂದರು ಮಾಸ್ತರ್, ಮತ್ತು ಮಗಳ ಬದಿಯ ಬಾಗಿಲನ್ನು ತಾವೇ ಬಂದು ತೆರೆದರು.

ಒಳಗಿನ ವಿಧಿ ಎಲ್ಲ ಮುಗಿದು ಹೊರಡುವ ಹೊತ್ತು. ಪ್ರಭಾಕರ ಮಾಸ್ತರ್ ಗಾಡಿಯಲ್ಲಿ ಕೂತು ಚಾಲೂ ಮಾಡಿದ್ದ. ಗ್ರೇಸ್ ಅಕ್ಕಾರು ಅಪ್ಪನಿಗೆ ಹೋಗಿ ಬರುತ್ತೇನೆ ಎನ್ನಲು ಹತ್ತಿರ ಬಂದರು. ಮಾಸ್ತರ್ ಆಗ ಹೇಳಿದ್ದು ಒಂದೇ ಮಾತು, ನಾನು ಪಕ್ಕದಲ್ಲೇ ಇದ್ದೆ.

"ತಪ್ಪಾತವಾ. ಭಾಳ ದಿನಾ ಮುಚ್ಚಿಟ್ಟೆ ನಿನ್ನ."

ಆ ಗಟ್ಟಿ ಹೆಣ್ಣುಮಗಳು ಅಲ್ಲೇ, ಊರ ಜನರ ನಡುವೆ, ಅಪ್ಪನ ಎದೆಗೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟರು. ಎಷ್ಟು ವರ್ಷದ್ದೋ. ಜನ ಗಾಬರಿಯಾದರು. ನೆಂಟರ ಪೈಕಿ ಒಬ್ಬ ಅತ್ತೆಮ್ಮ ಬಂದು ಭುಜ ಹಿಡಿದು, "ಸುಮ್ಮನಿರವಾ ಗ್ರೇಸಿ, ಛಲೋ ದಿನಾ ಅಳಬಾರದು" ಎಂದು ಬಿಡಿಸಲು ನೋಡಿದರು.

ಮಾಸ್ತರ್ ಒಂದು ಕೈ ಎತ್ತಿ ತಡೆದರು.

"ಯಾರೂ ಸುಮ್ಮನ ಮಾಡಬ್ಯಾಡ್ರಿ. ಅಳಲಿ."

ಪ್ರಭಾಕರ ಚಾಲೂ ಮಾಡಿದ್ದ ಗಾಡಿಯನ್ನು ಮತ್ತೆ ಬಂದ್ ಮಾಡಿ, ಇಳಿದು ನಿಂತ.